ಕಾಲುಗಳು ಕೇಳಿದ ಪ್ರಶ್ನೆ

ಅಕ್ಕಾ,

"ಕ್ಲಾಸಲ್ಲಿ ಬಾಯಿ ಬಿಡದೆ ಕೂತು, ಪೆಟ್ಟಿಗೆ ಎತ್ಕೊಂಡು ವಾಪಸ್ ಬರ್ತೀಯ ನೋಡು" ಅಂದಿದ್ದೆಯಲ್ಲ, ಅದು ನಿಜವಾಗುವುದರಲ್ಲಿತ್ತು. ಈ ವಾರವೂ ಮಾತಾಡದಿದ್ದರೆ ಕ್ಲಾಸಿನ ಪಟ್ಟಿಯಿಂದ ನನ್ನ ಹೆಸರು ತೆಗೆಯುವುದಾಗಿ ಮೇಷ್ಟ್ರು ಹೇಳಿದ್ದರು. ಮೂರು ವಾರ ದಿನವೂ ತಪ್ಪು ರೈಲು ಹತ್ತಿ, ಪಾಠ ಶುರುವಾದ ಮೇಲೆ ಕಳ್ಳಬೆಕ್ಕಿನಂತೆ ನುಸುಳಿ ಹಿಂದಿನ ಬೆಂಚು ಸೇರುತ್ತಿದ್ದೆ. ಇಂದು ಮೊದಲ ಬಾರಿಗೆ ಸರಿಯಾದ ರೈಲು ಸಿಕ್ಕಿ, ಅವರಿಗಿಂತ ಮೊದಲೇ ಹೋಗಿ ಕೂತೆ. ಮೇಷ್ಟ್ರು ಒಳಗೆ ಬಂದರು. ನಮ್ಮೂರ ಶಾಲೆಯ ರೂಢಿಯಂತೆ ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎದ್ದು ನಿಂತವು. ಎಂಬತ್ತು ಮಂದಿಯಲ್ಲಿ ಎದ್ದವಳು ನಾನೊಬ್ಬಳೇ. ಇಲ್ಲಿ ಪ್ರಶ್ನೆ ಇದ್ದವರು ಮಾತ್ರ ಏಳುತ್ತಾರಂತೆ.

"ಹೇಳಿ, ಏನು ಕೇಳಬೇಕಿತ್ತು?" ಎಂದರು.

ಸುಮ್ಮನೆ ಕೂತರೆ ಮರ್ಯಾದೆ ಹೋಗುತ್ತದೆ. "ಅರ್ಥವಾಗದ ಪದ್ಯವೂ ಯಾಕೆ ಬಾಯಿಪಾಠ ಆಗಿಬಿಡುತ್ತೆ?" ಎಂದೆ. ಅವರು ಚೀಲ ಕೆಳಗಿಟ್ಟು, ಇಂದಿನ ಪಾಠ ಬಿಟ್ಟು, ಇಡೀ ಗಂಟೆ ಅದರ ಬಗ್ಗೆಯೇ ಮಾತಾಡಿದರು. ಪಾಠ ಓದಿಕೊಂಡು ಬಂದಿರದ ಪಕ್ಕದ ಹುಡುಗಿ, "ನಾಳೇನೂ ದಯವಿಟ್ಟು ಏಳಿ" ಎಂದು ಕೈ ಹಿಡಿದುಕೊಂಡಳು.

ಪಟ್ಟಿಯಲ್ಲಿ ನನ್ನ ಹೆಸರು ಉಳಿಯಿತು. ನೀನು ಕೊಟ್ಟ ಮೊಣಕಾಲಿನ ಎಣ್ಣೆ ತಳ ಕಂಡಿದೆ, ಇನ್ನೊಂದು ಸೀಸೆ ಕಳಿಸು. ಇನ್ನು ದಿನಾ ಏಳಬೇಕಲ್ಲ.

ಕಾರ್ಡು ತುಂಬಿತು.
ನಿನ್ನ ತಂಗಿ