ಹದಿನೇಳನೆಯ ಬಾಟಲಿ

ಬೆಟಗೇರಿ
ತಾ. ೧೪-೧೧-೧೯೮೫

ನನ್ನ ಕಣ್ಣಾದ ನಜಮಾಳಿಗೆ,

ನಿನ್ನ ಅವ್ವನ ದುವಾ. ಇಲ್ಲಿ ನಾನು ಆರಾಮಾಗಿದ್ದೇನೆ. ಕಾಗದ ಬರೆಯುವವರೆಲ್ಲ ಈ ಮಾತನ್ನು ಮೊದಲು ಬರೆಯುತ್ತಾರೆ. ನನಗೆ ಮಾತ್ರ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಏಕೆಂದು ಮುಂದೆ ತಿಳಿಯುತ್ತದೆ. ಸಿಟ್ಟು ಬಂದರೂ ನಡುವೆ ಹರಿಯಬೇಡ, ಕೊನೆತನಕ ಓದು. ಆಮೇಲೆ ಬೇಕಾದರೆ ಒಲೆಗೆ ಹಾಕು.

ಮೊನ್ನೆ ನಿನ್ನ ಅಣ್ಣ ಇಸ್ಮಾಯಿಲಸಾಬ ಲಕ್ಷ್ಮೇಶ್ವರದಿಂದ ಬಂದಿದ್ದ. ನೀನು ಅವನ ಮನೆಯಲ್ಲಿ ಮೂಲೆ ಹಿಡಿದು ಕುಳಿತಿದ್ದೀಯಂತೆ. ಕುಪ್ಪಸದ ಗುಂಡಿ ಹಾಕಲೂ ಅತ್ತಿಗೆ ಬೇಕಂತೆ. ದವಾಖಾನೆಗೆ ಹೋಗೋಣ ಎಂದರೆ, "ಬಂಗಾರನ ತಾಗದಾಕಿಗೆ ಇನ್ನೇನು ತಾಗತೈತಿ, ಬಿಡಣ್ಣಾ" ಎನ್ನುತ್ತೀಯಂತೆ. ಅದು ಸುಳ್ಳು, ಮಗಳೇ. ಆ ಸುಳ್ಳು ಹುಟ್ಟಿದ್ದು ನನ್ನ ಕೈಯಿಂದ.

ಹುಬ್ಬಳ್ಳಿಯ ಡಾಕ್ಟರರು ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳಿದ್ದು ನೆನಪಿದೆಯಲ್ಲ? ಸಂಧಿವಾತಕ್ಕೆ ಹೊಸ ಗುಳಿಗೆ ಬಂದಿದೆ, ಅದರಲ್ಲಿ ಬಂಗಾರದ ಅಂಶವಿದೆ, ಅದು ಗುಣ ಕೊಡುತ್ತದೋ ಇಲ್ಲವೋ ಎಂದು ಆರು ತಿಂಗಳು ಪರೀಕ್ಷೆ ಮಾಡುತ್ತೇವೆ ಎಂದರು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಖಾಲಿ ಗುಳಿಗೆ. "ಯಾರಿಗೆ ಯಾವುದು ಬಂದೈತಿ ನನಗೂ ಗೊತ್ತಿಲ್ಲವಾ. ಕಡೀಕ ಲಕೋಟಿ ಒಡದಾಗಷ್ಟ ಗೊತ್ತಾಗೂದು. ಒಬ್ಬರ ಬಾಟ್ಲಿ ಒಬ್ಬರು ಮುಟ್ಟಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ನನ್ನ ಬಾಟಲಿಗೆ ಹದಿನೇಳು ಎಂದು ಚೀಟಿ, ನಿನ್ನದಕ್ಕೆ ಹದಿನೆಂಟು. ನೀನು ನಕ್ಕು, "ಕೊರಳಾಗ ಹಾಕಾಕ ಬಂಗಾರಿಲ್ಲ, ಹೊಟ್ಟ್ಯಾಗರ ಇರಲಿ ಬಿಡವ್ವಾ" ಎಂದಿದ್ದೆ.

ನಿನಗೆ ಬೇಕಾದದ್ದು ಒಂದೇ ಇತ್ತು. ಯಂಕಪ್ಪನವರ ಪ್ರೆಸ್ಸಿನಲ್ಲಿ ಮತ್ತೆ ಅಚ್ಚಿನ ಮೊಳೆ ಜೋಡಿಸಬೇಕು. ಸೀಸದ ಒಂದೊಂದೇ ಅಕ್ಷರ ಹೆಕ್ಕಿ ನೀನು ಸಾಲು ಕಟ್ಟುವುದನ್ನು ನೋಡಲೆಂದೇ ನಾನು ಬುತ್ತಿ ತರುವ ನೆಪ ಮಾಡಿಕೊಂಡು ಬರುತ್ತಿದ್ದೆ. ಆರು ತಿಂಗಳು ನಿನ್ನ ಜಾಗ ಖಾಲಿ ಇಡುತ್ತೇನೆ ಎಂದು ಅವರೂ ಮಾತು ಕೊಟ್ಟಿದ್ದರು.

ಒಂದೂವರೆ ತಿಂಗಳಾದ ಮೇಲೆ ನನ್ನ ಕೈ ಸ್ವಲ್ಪ ಹಗುರಾಯಿತು. ಮುಂಜಾನೆಯ ಬಿಗುವು ಜಲ್ದಿ ಬಿಡುತ್ತಿತ್ತು. ಆಸ್ಪತ್ರೆಯಲ್ಲಿ ಮುಷ್ಟಿಯ ಬಲ ನೋಡಲು ಬಿ.ಪಿ. ಚೀಲ ಹಿಂಡಿಸಿದಾಗ ನನ್ನ ಪಾದರಸ ಏರಿತು, ನಿನ್ನದು ಏರಲಿಲ್ಲ. ಬೆರಳಿನ ಬಾವು ಅಳೆಯುವ ಉಂಗುರ ನಿನ್ನ ಗೆಣ್ಣನ್ನು ದಾಟಲೇ ಇಲ್ಲ. ರೈಲಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ನಾನು ಅಲ್ಲಿಯೇ ತೀರ್ಮಾನ ಮಾಡಿಬಿಟ್ಟೆ. ಬಂಗಾರ ಬಂದಿರುವುದು ನನಗೆ, ಖಾಲಿ ಬಂದಿರುವುದು ಮಗಳಿಗೆ. ಐವತ್ತು ದಾಟಿದವಳು ಬಂಗಾರ ನುಂಗಿ ಯಾವ ಸಿಂಹಾಸನ ಏರಬೇಕಾಗಿತ್ತು?

ಮರುದಿನ ನೀನು ಸ್ನಾನಕ್ಕೆ ಹೋದಾಗ ಎರಡೂ ಬಾಟಲಿಯ ಗುಳಿಗೆಗಳನ್ನು ಎರಡು ತಟ್ಟೆಗೆ ಸುರಿದು, ಅದಲುಬದಲು ಮಾಡಿ ತುಂಬಿಟ್ಟೆ. ಮುಂದೆ ಪ್ರತಿ ತಿಂಗಳು ಹೊಸ ಬಾಟಲಿ ತಂದಾಗಲೂ ಹಾಗೆಯೇ ಮಾಡಿದೆ. ನನ್ನ ಪಾಲಿನ ಬಂಗಾರ ಮಗಳಿಗೆ ಕೊಟ್ಟೆನೆಂದು ಎಷ್ಟು ಹಿಗ್ಗಿದ್ದೆ ಗೊತ್ತೇ?

ಸೆಪ್ಟೆಂಬರಿನಲ್ಲಿ ಲಕೋಟೆ ಒಡೆದರು. ಹದಿನೇಳು ಖಾಲಿ, ಹದಿನೆಂಟು ಬಂಗಾರ. "ಖಾಲಿ ತಿಂದಾಕಿಗೆ ಗುಣ ಆತು, ಬಂಗಾರ ತಿಂದಾಕಿಗೆ ಆಗಲಿಲ್ಲ, ಏನಿದು!" ಎಂದು ಡಾಕ್ಟರರು ತಲೆ ಕೆರೆದುಕೊಂಡರು. ನೀನು ನನ್ನ ಭುಜಕ್ಕೆ ತಲೆ ಆನಿಸಿ, "ನಿನಗ ಹಿಟ್ಟಿನ ಗುಳಿಗಿನ ಸಾಕಾತಲ್ಲವ್ವಾ" ಎಂದು ನಕ್ಕೆ. ಭೂಮಿ ಬಿರಿದು ನನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎನಿಸಿತು. ಆದರೂ ನಾನು ಸುಮ್ಮನಿದ್ದೆ. ಬಂಗಾರ ತಾಗದವಳಿಗೆ ಬಂಗಾರದ ಇಂಜೆಕ್ಷನ್ ಕೊಟ್ಟೂ ಫಲವಿಲ್ಲ ಎಂದು ನಿನಗೆ ಬರೀ ನೋವಿನ ಗುಳಿಗೆ ಬರೆದುಕೊಟ್ಟರು. ಯಂಕಪ್ಪನವರು ಬೇರೆಯವರನ್ನು ಇಟ್ಟುಕೊಂಡರು. ನೀನು ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೋದೆ, ನಾನು ಬಸ್‌ಸ್ಟ್ಯಾಂಡಿನವರೆಗೆ ಆ ಗಂಟು ಹೊತ್ತು ಬಂದೆ. ಆಗಲೂ ಸುಮ್ಮನಿದ್ದೆ.

ನಿನ್ನೆ ಒಬ್ಬಳೇ ಹುಬ್ಬಳ್ಳಿಗೆ ಹೋಗಿ ಡಾಕ್ಟರರಿಗೆ ಹೇಳಿ ಬಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ದೊಡ್ಡ ರಜಿಸ್ಟರು ತೆಗೆದು ನಮ್ಮ ಎರಡೂ ನಂಬರುಗಳ ಪಕ್ಕದಲ್ಲಿ ಕೆಂಪು ಶಾಯಿಯಿಂದ ಏನೋ ಬರೆದರು. ಆ ಗುಳಿಗೆ ನಿಧಾನದ್ದಂತೆ, ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕಂತೆ. ನನಗೆ ಮೊದಲು ಕಂಡ ಗುಣ ಔಷಧದ್ದೇ ಅಲ್ಲ, ಈ ಬೇನೆ ಒಮ್ಮೊಮ್ಮೆ ತಾನಾಗಿಯೇ ಇಳಿಯುತ್ತದೆ ಎಂದರು. "ನೀವು ಕಾಯಬೇಕಿತ್ತವಾ" ಎಂದಷ್ಟೇ ಹೇಳಿ ಕನ್ನಡಕ ತೆಗೆದಿಟ್ಟರು.

ಪರೀಕ್ಷೆಯ ಗುಳಿಗೆಗಳು ಮುಗಿದುಹೋಗಿವೆ. ಇಂಜೆಕ್ಷನ್ ಕೊಡುತ್ತೇನೆ, ಕರೆದುಕೊಂಡು ಬನ್ನಿ ಎಂದಿದ್ದಾರೆ. ಬಾಗಿದ ಬೆರಳು ನೆಟ್ಟಗಾಗುತ್ತವೆಯೇ ಎಂದು ಕೇಳಿದೆ. ಆಗುವುದಿಲ್ಲ, ಉಳಿದ ಕೀಲುಗಳನ್ನು ಉಳಿಸಿಕೊಳ್ಳಬಹುದು ಎಂದರು. ಅಂದರೆ ಪ್ರೆಸ್ಸಿನ ಕೆಲಸ ಇನ್ನಿಲ್ಲ. ಅದನ್ನು ನಿನಗೆ ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಬೇಕಾಗಿತ್ತು.

ಬಂಗಾರ ನಿನಗೆ ತಾಗಲಿಲ್ಲ ಎನ್ನಬೇಡ. ಅದು ನಿನಗೆ ಸಿಗಲೇ ಇಲ್ಲ. ನನ್ನ ಮುಖ ನೋಡದಿದ್ದರೂ ಸರಿ, ಇಪ್ಪತ್ತೈದರ ಸೋಮವಾರ ಅಣ್ಣನ ಜೊತೆ ಹುಬ್ಬಳ್ಳಿಗೆ ಹೋಗು. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಾನು ಕುಳಿತಿರುತ್ತೇನೆ. ಕರೆದರೆ ಬರುತ್ತೇನೆ, ಇಲ್ಲದಿದ್ದರೆ ನೀನು ಒಳಗೆ ಹೋದದ್ದನ್ನು ನೋಡಿಕೊಂಡು ಊರಿಗೆ ಮರಳುತ್ತೇನೆ.

ಇನ್ನೂ ಹಾಗೆಂದು ಬರೆದುಕೊಳ್ಳಬಹುದಾದರೆ,
ನಿನ್ನ ಅವ್ವ
ಗುಲಾಬಬಿ

ತಾ.ಕ.: ಇದು ಎಂದಿನಂತೆ ಪಕ್ಕದ ಮನೆಯ ಅಮೃತವ್ವ ಬರೆದುಕೊಟ್ಟ ಕಾಗದವಲ್ಲ. ನಾಲ್ಕನೇ ಇಯತ್ತೆ ಕಲಿತ ನನ್ನದೇ ಅಕ್ಷರ. ಹತ್ತು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ, ಸಾಲು ಎಲ್ಲಿಯೂ ಸೊಟ್ಟಾಗಿಲ್ಲ. ಇನ್ನೊಂದು ಮಾತನ್ನು ಡಾಕ್ಟರರಿಗೂ ಹೇಳಿಲ್ಲ. ಜುಲೈ ತಿಂಗಳಲ್ಲಿ ಒಂದು ಮುಂಜಾನೆ ನಾನು ರೊಟ್ಟಿ ಬಡಿಯಲು ಕುಳಿತೆ, ಎರಡೂ ಕೈ ನೋವಿಲ್ಲದೆ ಆಡಿದವು. ಸಪ್ಪಳ ಕೇಳಿ ನೀನು ಬಾಗಿಲಿಗೆ ಬಂದು, "ನಿನ್ನ ಕೈ ಬಂದ್ವಲ್ಲವ್ವಾ!" ಎಂದು ಆ ಬಾತ ಕೈಗಳಿಂದಲೇ ಚಪ್ಪಾಳೆ ತಟ್ಟಿದೆ. ಬಂಗಾರ ಯಾರ ಹೊಟ್ಟೆಗೆ ಹೋಗುತ್ತಿದೆ ಎಂಬ ಅನುಮಾನ ನನಗೆ ಆಗಲೇ ಬಂತು. ಪರೀಕ್ಷೆ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಮತ್ತೆ ಬದಲಿಸೋಣವೆಂದು ಬಾಟಲಿಯನ್ನು ಕೈಗೆ ತೆಗೆದುಕೊಂಡೆ. ಅದರ ಮುಚ್ಚಳ ಸಲೀಸಾಗಿ ತಿರುಗಿತು. ಆ ಸುಖ ಬಿಡಲು ಮನಸ್ಸಾಗಲಿಲ್ಲ, ನಜಮಾ. ಮುಚ್ಚಿ ಇಟ್ಟುಬಿಟ್ಟೆ.