ಲಾಳಿ ಹಿಡಿಯುವ ಕೈ

ಮೊಳಕಾಲ್ಮೂರು
ಗುರುವಾರ, 20 ಫೆಬ್ರವರಿ 2025

ಚಿಟ್ಟಿ,

ಆ ಮಾತು ಕೂಗಿದ್ದು ರಾಂಪುರದವರೇ ಯಾರೋ ಇರಬೇಕು ಎಂದು ನಾನು ಹೇಳುತ್ತಿದ್ದಂತೆಯೇ ನಿನ್ನೆ ಫೋನು ಕಟ್ಟಾಯಿತು. ತಾನಾಗಿ ಕಟ್ಟಾಯಿತೋ ನೀನೇ ಇಟ್ಟೆಯೋ ತಿಳಿಯಲಿಲ್ಲ. ಅವರಿಗೂ ತೆಲುಗು ಬರುತ್ತದಲ್ಲ, ಆವತ್ತು ನಮ್ಮ ಆಟ ನೋಡಲು ಒಂದು ಟೆಂಪೊ ತುಂಬ ಬಂದಿದ್ದರಲ್ಲ, ಎಂದೆಲ್ಲ ಹೇಳುವುದು ಬಾಕಿ ಇತ್ತು. ತಿರುಗಿ ಮಾಡೋಣವೆಂದು ಎರಡು ಸಲ ಫೋನು ಎತ್ತಿಕೊಂಡೆ. ಆದರೆ ಫೋನಿನಲ್ಲಿ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಪೆದ್ದಣ್ಣ ಕ್ಲಬ್ಬಿನ ಸೆಕ್ರೆಟರಿಯಾಗಿ ಗ್ರೌಂಡು ನೋಡಲು ಚಳ್ಳಕೆರೆಗೆ ಬರುತ್ತಾನೆ. ನೀನು ಕೆಲಸ ಮಾಡುವ ಸ್ಕೂಲಿಗೇ ಬಂದು ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ತಡವಾಯಿತು, ಬೈಯಬೇಡ. ನಾನು ನಿನಗೆ ಕೊನೆಯ ಸಲ ಬರೆದದ್ದು ನಿನ್ನ ಮದುವೆಯಾದ ಹೊಸದರಲ್ಲಿ. ಅದರಲ್ಲೂ ಅರ್ಧ ನಿಮ್ಮಮ್ಮ ಪಕ್ಕದಲ್ಲಿ ಕುಳಿತು ಹೇಳಿ ಬರೆಸಿದ್ದು. ಮನೆಯಲ್ಲಿ ತೆಲುಗು, ಕಾಗದಕ್ಕೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು ಎಂದು ಅವಳು ನನ್ನನ್ನು ಆಡಿಕೊಳ್ಳುತ್ತಿದ್ದಳು. ತೆಲುಗು ಅಕ್ಷರ ನಮ್ಮ ಬೀದಿಯಲ್ಲಿ ಯಾರಿಗೆ ಬರುತ್ತದೆ ಹೇಳು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಪಕ್ಕದ ಮನೆಯ ಕ್ಯಾತಮ್ಮ ದಿನಾ ಸಾರು ಕಳಿಸುತ್ತಾಳೆ. ಉಪ್ಪು ಹಾಕುವುದನ್ನು ಮರೆಯುತ್ತಾಳೆ, ಹೇಳುವುದನ್ನು ನಾನೂ ಮರೆಯುತ್ತೇನೆ.

ಸಂತೋಷದ ವಿಷಯವನ್ನು ಮೊದಲು ಬರೆದುಬಿಡುತ್ತೇನೆ. ನಾವು ಉಳಿಯುತ್ತೇವೆ. ಹತ್ತೊಂಬತ್ತು ವರ್ಷ ಎ ಡಿವಿಷನ್‌ನಲ್ಲಿ ಆಡಿದ ನಮ್ಮ ನೇಕಾರ್ ಕ್ಲಬ್ಬು ಬಿ ಡಿವಿಷನ್‌ಗೆ ಇಳಿಯುವುದಿಲ್ಲ. ಲೆಕ್ಕ ನಿನಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಧೈರ್ಯ. ಎಂಟು ಟೀಮು. ಕೊನೆಯದು ಇಳಿಯುತ್ತದೆ. ಕೊನೆಯ ಎರಡರಲ್ಲಿ ರಾಂಪುರಕ್ಕೆ ಹನ್ನೆರಡು ಪಾಯಿಂಟು, ನಮಗೆ ಹನ್ನೊಂದು. ಭಾನುವಾರ ಅವರ ಮೇಲೇ ನಮ್ಮ ಕೊನೆಯ ಆಟ. ಗೆದ್ದರೆ ಉಳಿದೆವು. ಡ್ರಾ ಆದರೂ ಇಳಿದೆವು. ಅಂಡರ್ ದಿ ಸರ್ಕಮ್‌ಸ್ಟಾನ್ಸಸ್, ಗೆಲ್ಲುವುದು ಬಿಟ್ಟು ದಾರಿಯಿಲ್ಲ. ಇಳಿದರೆ ಆಟವೆಲ್ಲ ವಾರದ ನಡುವೆ. ಬುಧವಾರ ಮಧ್ಯಾಹ್ನ ಮಗ್ಗ ನಿಲ್ಲಿಸಿ ಚೆಂಡು ಒದೆಯಲು ಯಾವ ಮನೆಯವರು ಹುಡುಗರನ್ನು ಬಿಡುತ್ತಾರೆ? ಎರಡು ವರ್ಷದಲ್ಲಿ ಕ್ಲಬ್ಬಿಗೆ ಬೀಗ. ಅದಕ್ಕೇ ಇಳಿಯುವುದಿಲ್ಲ.

ಮಂಗಳವಾರ ಪೆದ್ದಣ್ಣನ ಟೀ ಅಂಗಡಿಯಲ್ಲಿ ಇದೇ ಮಾತು. ಇಡೀ ಬೀದಿಯೇ ಅಲ್ಲಿತ್ತು. ರೇಷ್ಮೆಗೆ ಬಣ್ಣ ಹಾಕುವ ತೋಟಪ್ಪ ನಿನಗೆ ಗೊತ್ತಲ್ಲ, ಮದುವೆಮನೆಗೆ ಹೋದರೂ ಊಟ ಸಾಲುವುದಿಲ್ಲ ಎಂದು ಹೇಳಿಕೊಂಡೇ ಒಳಗೆ ಹೋಗುವವನು. ಅವನೇ ಶುರುಮಾಡಿದ.

"ಇಳಿದ್ರೆ ಇಳೀಲಿ ಬಿಡ್ರಿ. ಬಿ ಡಿವಿಜನ್‌ನಾಗೆ ಒಂದೆರಡು ಮ್ಯಾಚ್ ಆದ್ರೂ ಗೆಲ್ತೀವಿ. ಗೆಲ್ಲೋದು ಹೆಂಗಿರ್ತೈತೆ ಅನ್ನೋದೇ ನಮ್ ಹುಡುಗ್ರಿಗೆ ಮರ್ತೋಗೈತೆ."

"ಲೇ ತೋಟಪ್ಪ, ಬಣ್ಣದ ಬಾನಿ ಬಿಟ್ಟು ಇಲ್ಲಿಗೆ ಬಂದು ನಮ್ ಮುಖದ ಬಣ್ಣ ತೆಗೀಬ್ಯಾಡ. ಟೀ ಕುಡಿ" ಎಂದ ಪೆದ್ದಣ್ಣ.

"ಆಯ್ತಪ್ಪ. ಗೋಲು ಹೊಡಿಯೋನು ಯಾರು? ನೀನಾ?"

"ವಿನೋದ್ ಐದಾನಲ್ಲ."

"ಅವನ ಕಾಲು ಉಳುಕೈತೆ."

"ಒಂದು ಉಳುಕೈತೆ. ಇನ್ನೊಂದು ಎಲ್ಲಿಗೋಗೈತೆ?"

ಎಲ್ಲರೂ ನಕ್ಕರು. ನಾನೂ ನನ್ನ ಮಾತು ಹೇಳಿದೆ. ರಾಂಪುರದ ಗೋಲ್‌ಕೀಪರು ನೆಲದ ಮೇಲೆ ಬರುವ ಚೆಂಡಿಗೆ ಹುಲಿ. ಮೇಲಿನಿಂದ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಸೆಕೆಂಡ್ ಹಾಫಿನಲ್ಲಿ ಹುಲ್ಲುಗಾವಲಿನ ಕಡೆಯಿಂದ ಗಾಳಿ ಎದ್ದು ಧೂಳು ಅವನ ಮುಖಕ್ಕೇ ಹೊಡೆಯುತ್ತದೆ. ಟಾಸ್ ಗೆದ್ದರೆ ನಾವು ಮೊದಲು ಗಾಳಿಗೆ ಎದುರಾಗಿ ಆಡಬೇಕು, ಕೊನೆಯ ಅರ್ಧಗಂಟೆ ಚೆಂಡನ್ನು ಬರೀ ಮೇಲಕ್ಕೆ ಎತ್ತಿ ಎತ್ತಿ ಹಾಕಬೇಕು. ಇದು ರೆಫರಿಗೆ ಹೇಳಬಾರದ ಮಾತು. ನೀನು ಓದಿ ಮರೆತುಬಿಡು.

ಅಷ್ಟರಲ್ಲಿ ತೋಟಪ್ಪ, "ಆವತ್ತಿಂದೊಂದು ಪಾಯಿಂಟ್ ಇದ್ದಿದ್ರೆ ಡ್ರಾನೇ ಸಾಕಾಗ್ತಿತ್ತು, ಗೋಲಿನ ಲೆಕ್ಕದಾಗೆ ನಾವೇ ಮುಂದಿದ್ವಿ" ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಎರಡು ವಾರದಿಂದ ಎಲ್ಲಿ ಹೋದರೂ ಹೀಗೇ. ಮಾತು ದೊಡ್ಡಉಳ್ಳಾರ್ತಿ ಟೀಮಿನ ಮೇಲಿನ ಆ ಆಟಕ್ಕೆ ಬಂದು, ನಾನು ಇದ್ದೇನೆಂದು ನಿಂತುಬಿಡುತ್ತದೆ. ಒಂದೊಂದು ಗೋಲು, ಇನ್ನು ಎರಡೇ ನಿಮಿಷ. ಯಾರಿಗೂ ಏನೂ ಕಂಡಿರಲಿಲ್ಲ. ನೀನು ಸೀಟಿ ಊದಿ ಪೆನಾಲ್ಟಿ ಜಾಗಕ್ಕೆ ಬೆರಳು ತೋರಿಸಿದೆ. ನಮ್ಮ ಟೀಮಿನ ರವಿತೇಜ ತಲೆಯ ಮೇಲೆ ಕೈಹೊತ್ತು ನಿಂತ. ನಮ್ಮ ಕಡೆಯ ಮೆಟ್ಟಿಲುಗಳೆಲ್ಲ ಎದ್ದು ನಿಂತವು. ಆಮೇಲೆ ಯಾರು ಏನೇನು ಕೂಗಿದರೋ.

ಆ ರವಿತೇಜ ಮಂಗಳವಾರ ಅಂಗಡಿಯ ಹೊರಗೆ ಸೈಕಲ್ ಹಿಡಿದು ನಿಂತಿದ್ದ. ಒಳಗೆ ಬಂದ. ಕೂರಲಿಲ್ಲ.

"ಕೈ ತಾಗಿತ್ತು ಮಾವ" ಎಂದ, ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ. "ಬೇಕಂತ ಮಾಡ್ಲಿಲ್ಲ. ಎಡಗಡೆಯಿಂದ ಸೊಂಟದ ಮಟ್ಟಕ್ಕೆ ಬಂತು, ಲಾಳಿ ಬಂದಂಗೆ. ಕೈ ತಾನೇ ಹೋಯ್ತು. ಅಕ್ಕನ್ದು ಏನೂ ತಪ್ಪಿಲ್ಲ."

ಏಳು ವರ್ಷದವನಿದ್ದಾಗಿನಿಂದ ಅವರ ಚಿಕ್ಕಪ್ಪನ ಮಗ್ಗದ ಪಕ್ಕದಲ್ಲಿ ಕುಳಿತು, ಅಡ್ಡನೂಲು ಹೊತ್ತು ಓಡುವ ಲಾಳಿ ಹಿಡಿದವನು. ಆ ಕೈಗೆ ಆಟ ಯಾವುದು, ಸೀರೆ ಯಾವುದು ಎಂದು ಹೇಗೆ ತಿಳಿಯಬೇಕು? ಪೆದ್ದಣ್ಣ, "ಭಾನುವಾರ ಎರಡೂ ಕೈ ಚಡ್ಡಿ ಜೇಬಿನಾಗೆ ಹಾಕ್ಕೊಂಡು ಆಡ್ಲೇ" ಎಂದ. "ಚಡ್ಡಿಗೆ ಜೇಬೇ ಇಲ್ಲ ಕಣಣ್ಣ" ಎಂದು ಅವನು ಅಳುಮುಖದಲ್ಲೇ ಹೇಳಿದ. ಅಂಗಡಿಗೆ ಅಂಗಡಿಯೇ ನಕ್ಕಿತು. ರಾಂಪುರದವರು ಆಗಲೇ ಕಮಿಟಿಗೆ ಬರೆದುಕೊಟ್ಟಿದ್ದರಂತೆ, ಸ್ವಂತ ಊರಿನ ಮೇಲೆ ಪೆನಾಲ್ಟಿ ಕೊಟ್ಟ ಮೇಡಮ್ಮೇ ಬರಲಿ, ಬೇರೆಯವರು ಬೇಡ ಎಂದು. ನಗು ನಿಂತ ಮೇಲೆ ಪೆದ್ದಣ್ಣನೂ ಟೀ ಕಟ್ಟೆಯ ಮೇಲೇ ಕಾಗದ ಇಟ್ಟು, ನಮಗೂ ಅವರೇ ಆಗಬೇಕೆಂದು ಸಹಿ ಹಾಕಿದ. ತೋಟಪ್ಪನೂ ಹಾಕಿದ. ನೇರಳೆ ಬಣ್ಣದ ಬೆರಳಿನ ಗುರುತು ಅದರ ಮೇಲೆ ಉಳಿದಿದೆ.

ಇಪ್ಪತ್ತೆರಡು ವರ್ಷದ ಹುಡುಗ ಅಷ್ಟು ಜನರ ಮುಂದೆ ನಿಂತು ಹೇಳಿದ. ನಾನು ಲೋಟ ತಿರುಗಿಸುತ್ತಾ ಕುಳಿತಿದ್ದೆ.

ಹೀಗೆ ಎರಡು ಊರೂ ನಿನ್ನನ್ನೇ ಕೇಳುತ್ತಿರುವಾಗ ನೀನು ಬರುವುದಿಲ್ಲ ಎಂದು ಬರೆದುಕೊಟ್ಟಿದ್ದೀಯ. ಕೈಂಡ್ಲಿ ಗ್ರ್ಯಾಂಟ್ ಮಿ ಲೀವ್! ಚಳ್ಳಕೆರೆ ಕಾಲೇಜಿನಲ್ಲಿ ನಾನು ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ಪೂರ್ತಿ ನೆನಪಿರುವುದು ರಜಾಚೀಟಿ ಒಂದೇ. ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಎಂದು ಬರೆದು ಏನಾದರೊಂದು ಕಾಯಿಲೆ ಸೇರಿಸಬೇಕು. ನೀನು ಯಾವ ಕಾಯಿಲೆಯನ್ನೂ ಸೇರಿಸಿಲ್ಲವಂತೆ, ಪೆದ್ದಣ್ಣ ಹೇಳಿದ. ಕಾಯಿಲೆ ಯಾವುದೆಂದು ನಿನ್ನೆ ನನಗೊಬ್ಬನಿಗೇ ಹೇಳಿದೆ.

"ಬೈಗಳೆಲ್ಲ ನನಗೆ ರೂಢಿ ಐತೆ ಅಪ್ಪ. ಹೆಂಗಸು ಅಂತ ಬೈತಾರೆ, ಕುರುಡಿ ಅಂತಾರೆ, ಮನೆಗೆ ಬಂದು ಮುಖ ತೊಳ್ಕೊಂಡ್ರೆ ಹೋಗುತ್ತೆ. ಅದೊಂದು ಮಾತು ಮಾತ್ರ ಹೋಗ್ತಿಲ್ಲ. ಯಾರೋ ನಮ್ ತೆಲುಗಲ್ಲೇ ಕೂಗಿದ್ರು, ನಿಮ್ಮಮ್ಮ ನಿನಗೆ ಇದನ್ನೇನಾ ಕಲಿಸಿದ್ದು ಅಂತ. ಸೀಟಿ ಬಾಯಿಗಿಟ್ರೆ ಅದೇ ಕೇಳ್ಸುತ್ತೆ. ತೆಗೆದು ಬೀರುವಿನಾಗೆ ಇಟ್ಟಿದ್ದೀನಿ."

ಅಷ್ಟು ಹೇಳಿ ನೀನು ಸುಮ್ಮನಾದೆ. ಬಹಳ ಹೊತ್ತು. ಆಗಲೇ ನಾನು ರಾಂಪುರದವರ ಮಾತು ಎತ್ತಿದ್ದು.

ಬೆಳಿಗ್ಗೆಯಿಂದ ಮಗ್ಗದ ಮುಂದೆ ಕುಳಿತಿದ್ದೇನೆ. ಈ ಕಾಗದವನ್ನೂ ಅದರ ಹಲಗೆಯ ಮೇಲೇ ಬರೆಯುತ್ತಿರುವುದು. ಮೂರು ಲಾಳಿಯ ಮಗ್ಗವಲ್ಲವೇ, ಸೀರೆಯ ಎರಡು ಅಂಚಿಗೆ ಎರಡು, ನಡುವಿನ ಒಡಲಿಗೆ ಒಂದು. ಒಬ್ಬನ ಕೈಯಲ್ಲಿ ಆಗುವುದಿಲ್ಲ. ಪಕ್ಕದಲ್ಲಿ ಲಾಳಿ ಹಿಡಿದು ತಿರುಗಿ ಎಸೆಯುವವರು ಬೇಕು. ನಿಮ್ಮಮ್ಮ ಹೋದ ಮೇಲೆ ಬರೀ ಒಂದು ಲಾಳಿಯ ಸಾದಾ ಬಟ್ಟೆ ನೇಯುತ್ತಿದ್ದೇನೆ. ಅವಳಿಗೆ ಅಡುಗೆಯ ಹೊತ್ತಾದರೆ ಆ ಜಾಗದಲ್ಲಿ ನೀನು ಕೂರುತ್ತಿದ್ದೆ. ನಿನ್ನ ಕಾಲು ಮಗ್ಗದ ಗುಂಡಿಯೊಳಗೆ ನೆಲಕ್ಕೆ ತಾಗುತ್ತಿರಲಿಲ್ಲ, ಕೈ ಮಾತ್ರ ಒಂದು ಸಲವೂ ತಪ್ಪುತ್ತಿರಲಿಲ್ಲ. ಆವತ್ತು ಗ್ರೌಂಡಿನಲ್ಲಿ ಯಾರಿಗೂ ಕಾಣದ ಕೈ ನಿನಗೆ ಹೇಗೆ ಕಂಡಿತೆಂದು ಎಲ್ಲರೂ ಕೇಳುತ್ತಾರೆ. ಬೇರೆ ಯಾರಿಗೆ ಕಾಣಬೇಕಿತ್ತು? ಆ ಕೈಯನ್ನು ಗುರುತು ಹಿಡಿಯಲು ಈ ಮನೆಯ ಹುಡುಗಿಯೇ ಬೇಕಿತ್ತು.

ಹಸಿರು ಒಡಲಿನ ಆ ಸೀರೆ ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ಆಗ ಒಂಬತ್ತು. ಮಾರನೆಯ ದಿನ ಸೀರೆ ಕೊಡಬೇಕಿತ್ತು, ಮದುವೆಯದು. ನೀನು ಲಾಳಿ ಹಿಡಿದವಳು ಎಸೆಯದೆ, "ಅಮ್ಮಾ, ಅಂಚಲ್ಲಿ ಒಂದೆಳೆ ತಪ್ಪೈತೆ" ಎಂದೆ. ಅದು ಒಂದು ಗೇಣು ಹಿಂದೆ ತಪ್ಪಿತ್ತು. ಯಾರಿಗೂ ಕಾಣುವುದಿಲ್ಲ, ಬಾಯಿ ಮುಚ್ಚಿಕೊಂಡು ಎಸೆ ಎಂದು ನಾನು ಗದರಿದೆ. ನಿಮ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ನೋಡಿದಳು. ನನಗೆ ಒಂದು ಮಾತೂ ಹೇಳದೆ ಗೇಣುದ್ದ ಬಿಚ್ಚಿದಳು. ಆಮೇಲೆ ನಿನ್ನ ತಲೆ ಸವರಿ, "ಕಂಡ ತಕ್ಷಣ ಹೇಳ್ಬೇಕು, ಸೀರೆ ಮಗ್ಗದಿಂದ ಇಳಿದ ಮೇಲೆ ಹೇಳಿದ್ರೆ ಯಾರಿಗೂ ಉಪಯೋಗ ಇಲ್ಲ" ಎಂದಳು. ನಾನು ಆ ರಾತ್ರಿ ಊಟ ಬಿಟ್ಟೆ. ಅವಳು ಕರೆಯಲೂ ಇಲ್ಲ.

ಇದನ್ನೆಲ್ಲ ಏಕೆ ಬರೆದೆನೋ. ಹೇಳಬೇಕಾದದ್ದು ಇಷ್ಟೇ. ಭಾನುವಾರ ಮೂರೂವರೆಗೆ ನೀನು ಗ್ರೌಂಡಿನ ನಡುವೆ ನಿಂತಿರಬೇಕು. ಕಮಿಟಿಯವರು ನಿನ್ನ ರಜಾಚೀಟಿಯನ್ನು ಇನ್ನೂ ಒಪ್ಪಿಲ್ಲ, ಶನಿವಾರದವರೆಗೆ ಕಾಯುತ್ತಾರಂತೆ. ನಮ್ಮವರ ಕೈ ತಾಗಿದರೆ ಮತ್ತೆ ಊದು. ಕೊನೆಯ ನಿಮಿಷವಾದರೂ ಊದು. ಇನ್‌ಸ್ಪೈಟ್ ಆಫ್ ದಟ್ ನಾವೇ ಗೆಲ್ಲುತ್ತೇವೆ. ಎರಡು ಒಂದು. ಎರಡನೆಯದು ವಿನೋದನ ತಲೆಯಿಂದ, ಕಾಲಿನ ಗೊಡವೆಯೇ ಬೇಡ.

ಅಳಿಯ ಗಂಗರಾಜುವನ್ನು ಕೇಳಿದೆನೆಂದು ಹೇಳು. ಬಿಸಿಲಿಗೆ ನೀರು ಕುಡಿ. ಎಷ್ಟೇ ಗಾಳಿ ಎದ್ದರೂ ನಿನ್ನ ಸೀಟಿ ಗ್ರೌಂಡಿನ ನಾಲ್ಕು ಮೂಲೆಗೂ ಕೇಳಲಿ, ಅದೇ ನನ್ನ ಆಶೀರ್ವಾದ.

ಯುವರ್ಸ್ ಒಬೀಡಿಯೆಂಟ್ಲಿ (ರೆಫರಿಗೆ ಬರೆಯುವಾಗ ಹಾಗೆಯೇ ಬರೆಯಬೇಕಲ್ಲವೇ),
ನಿನ್ನ ಅಪ್ಪ
ಪಾಪಣ್ಣ

ತಾ.ಕ.: ಕಾಗದ ಮಡಿಸಿದ್ದವನು ಮತ್ತೆ ಬಿಚ್ಚಿದೆ. ರಾಂಪುರದವರಲ್ಲ ಚಿಟ್ಟಿ. ನಾನು. ಮೂರನೆಯ ಮೆಟ್ಟಿಲ ಮೇಲೆ ನಿಂತು ಟವಲು ಬೀಸುತ್ತಾ ನಿಮ್ಮಮ್ಮನ ಮಾತೆತ್ತಿ ಕೂಗಿದವನು ನಾನೇ. ರವಿತೇಜನ ಕೈ ಹೋದದ್ದನ್ನು ನಾನೂ ನೋಡಿದ್ದೆ. ನಲವತ್ತು ವರ್ಷ ಲಾಳಿ ಎಸೆದವನಿಗೆ ಕಾಣದೆ ಇರುತ್ತದೆಯೇ? ನೋಡಿಯೇ ಕೂಗಿದೆ. ಅವಳು ಹೋಗಿ ಮೂರು ವರ್ಷವಾಯಿತು, ಅವಳ ಮಾತನ್ನು ನಾನು ನಾಲ್ಕು ಜನರ ಮುಂದೆ ಎತ್ತಿದವನಲ್ಲ. ಮೊದಲ ಸಲ ಎತ್ತಿದ್ದು ಹೀಗೆ, ನಿನ್ನ ಮೇಲೆ ಎಸೆಯಲು. ನಿನ್ನೆ ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದೆಯಲ್ಲ, ದನಿ ಯಾರದೆಂದು ನಿನಗೆ ಗೊತ್ತಿತ್ತು, ನಾನೇ ಹೇಳಲಿ ಎಂದು ಕಾದೆ ಎಂದು ಈಗ ಅನಿಸುತ್ತಿದೆ. ಆವತ್ತು ಕೇಳಿದವನು ನಾನು, ಉತ್ತರವನ್ನೂ ನಾನೇ ಕೊಡಬೇಕು. ಹೌದಮ್ಮಾ, ಇದನ್ನೇ ಕಲಿಸಿದ್ದು. ನಾನೂ ಅಲ್ಲೇ ಕುಳಿತಿದ್ದೆ, ಕಲಿಯಲಿಲ್ಲ. ಭಾನುವಾರ ಅದೇ ಮೂರನೆಯ ಮೆಟ್ಟಿಲ ಮೇಲೆ ಇರುತ್ತೇನೆ. ನೀನು ನನ್ನ ಕಡೆ ನೋಡಬೇಕಾಗಿಲ್ಲ, ಸೀಟಿ ಕೇಳಿಸಿದರೆ ಸಾಕು. ಬೆಳಕು ಹೋಗುತ್ತಿದೆ. ಮಗ್ಗದ ಮೇಲೆ ಕೆಂಪೆಳೆ ಯಾವುದು, ಕಪ್ಪೆಳೆ ಯಾವುದು ತಿಳಿಯುತ್ತಿಲ್ಲ. ಈ ಹೊತ್ತಿಗೆ ಅವಳು, "ಸಾಕು, ಇನ್ನು ಇಡ್ರಿ" ಎನ್ನುತ್ತಿದ್ದಳು. ಇಟ್ಟೆ.