ಕಣ್ತಪ್ಪಿ ಹೋದ ಕಂಟೇನರ್

೧೪, ಮಂಗಳವಾರ.

ಅಮ್ಮನ ಚಿಕ್ಕ ಫೋನಿನಲ್ಲಿ ನಮ್ಮ ಕಂಪನಿಯ ಆ್ಯಪ್‌ನ ‘ಸದಸ್ಯತ್ವ ರದ್ದು’ ಬಟನ್ ಕಾಣುವುದೇ ಇಲ್ಲ. ಪರದೆಯ ಕೆಳಗೆಲ್ಲೋ ಬಿದ್ದಿದೆ.

“ನೀನೇ ಮಾಡಿದ್ದು ಅಂತೀಯಲ್ಲ, ಎಲ್ಲಿದೆ ತೋರ್ಸು,” ಎಂದಳು.

ನಾನು ಆ ಪುಟದ ಬಟನ್‌ಗಳನ್ನೆಲ್ಲ ಕಂಟೇನರ್ ಎಂಬ, ಸ್ಕ್ರೋಲ್ ಆಗುವ ಚೌಕಟ್ಟಿನೊಳಗೆ ಇಟ್ಟಿದ್ದೆ, ಬೆರಳಲ್ಲಿ ಸರಿಸಿದರೆ ಮೇಲೆ ಬರಬೇಕು. ಯಾರೋ ಆ ಕಂಟೇನರನ್ನೇ ಕಿತ್ತಿದ್ದಾರೆ.

ಆಫೀಸಿನಲ್ಲಿ ಕೇಳಿದರೆ ಟೀಮ್ ಲೀಡ್ ನನ್ನ ಮುಖ ನೋಡದೆ, “ಕೋಡ್ ಕ್ಲೀನ್ ಮಾಡೋವಾಗ ಕಣ್ತಪ್ಪಿ ಹೋಗಿರ್ಬೇಕು ಬಿಡಿ. ನನ್ನ ಫೋನಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ,” ಎಂದರು. ಅವರ ಫೋನು ಹಲಗೆಯಷ್ಟು ಉದ್ದ.

ಕಣ್ತಪ್ಪಿತಂತೆ. ಇರಬಹುದು. ಆದರೆ ‘ಹಣ ಕಟ್ಟಿ’ ಬಟನ್ ಕೂಡ ಅದೇ ಕಂಟೇನರಿನಲ್ಲಿತ್ತು. ಅದೊಂದನ್ನು ಮಾತ್ರ ಹೊರತೆಗೆದು, ಪರದೆಯ ಅಂಚಿಗೆ ಅಲ್ಲಾಡದ ಹಾಗೆ ಕೂರಿಸುವಾಗ ಆ ಕಣ್ಣು ತಪ್ಪಲೇ ಇಲ್ಲ.